ಮೊದಲ ಕಂತಿನಲ್ಲೇ ಗೊತ್ತಾಗಿತ್ತು

'ಅವನು ಬಾಗಿಲು ತೆಗೆದು ಬನ್ನಿ ಅಂದ ಕೂಡಲೇ ನಮ್ಮಜ್ಜಿ ಇವನೇ ಕಳ್ಳ ಅಂದುಬಿಟ್ಟರು' ಎಂದು ಯಾರೋ ಬರೆದಿದ್ದರು. ಬಸ್ಸಿನ ಕಂಬಕ್ಕೆ ಒರಗಿ ನಿಂತು ಮೊಬೈಲಿನಲ್ಲಿ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದವನಿಗೆ, ಆ ಅಜ್ಜಿಯ ಮನೆಯನ್ನು ಹುಡುಕಿಕೊಂಡು ಹೋಗಿ, ಬಾಗಿಲು ಬಡಿದು, ಆ ದನಿ ನಂದೇ ಅಜ್ಜಿ, ಈಗ ಹೇಳಿ ಎಂದು ಎದುರು ನಿಲ್ಲಬೇಕು ಅನ್ನಿಸಿತು. ಅಜ್ಜಿ ಏನು ಮಾಡುತ್ತಾರೆಂಬುದೂ ಅವನಿಗೆ ಗೊತ್ತಿತ್ತು. ಕೂಡಲೇ ಒಳಗೆ ಹೋಗಿ ಬೀರುವಿನ ಬೀಗ ಎಳೆದು ನೋಡಿಕೊಂಡು ಬರುತ್ತಾರೆ. ಅಜ್ಜಿಯ ಕೆಳಗೆ ಇನ್ನೊಬ್ಬ, 'ನಮ್ಮ ನಾಯಿಗೂ ಗೊತ್ತಾಯಿತು, ಅವನು ಮಾತಾಡಿದಾಗಲೆಲ್ಲ ಟೀವಿ ಕಡೆ ತಿರುಗಿ ಗುರ್ ಅಂತಿತ್ತು' ಎಂದಿದ್ದ. ಅದರ ಕೆಳಗೆ ನಗುವ ಮುಖಗಳ ಸಾಲು. ಒಬ್ಬಾಕೆ ಗಂಡನ ಜೊತೆ ಪಂತ ಕಟ್ಟಿ ಗೆದ್ದಿದ್ದಳು. ಇನ್ನು ಮುಂದೆ ರಾತ್ರಿಯ ಪಾತ್ರೆಯೆಲ್ಲ ಗಂಡನದೇ, ಆ ದನಿ ಕೊಟ್ಟ ಪುಣ್ಯಾತ್ಮ ತಣ್ಣಗಿರಲಿ ಎಂದು ಹರಸಿದ್ದಳು. ಬೈದವರಿಗಿಂತ ಹರಸಿದವಳ ಮೇಲೆಯೇ ಅವನಿಗೆ ಹೆಚ್ಚು ಸಿಟ್ಟು ಬಂತು.

ಅದು ಬ್ರಿಟನ್ನಿನ ಧಾರಾವಾಹಿ. ಲಂಚ ತಿಂದ ಪೊಲೀಸರನ್ನು ಹಿಡಿಯುವ ಪೊಲೀಸರ ಕಥೆ. ಹಿಡಿಯುವವರ ನಡುವೆಯೇ ಒಬ್ಬ ಕೂತು ಒಳಗಿನ ಸುದ್ದಿಯನ್ನೆಲ್ಲ ಕಳ್ಳರಿಗೆ ದಾಟಿಸುತ್ತಿರುತ್ತಾನೆ. ಅವನು ಯಾರು ಎಂಬುದರ ಮೇಲೆ ಇಡೀ ಕಥೆ ನಿಂತಿದೆ. ಸದಾ ಬೂದು ಸ್ವೆಟರು ಹಾಕಿಕೊಂಡು, ಬಂದವರಿಗೆಲ್ಲ ಬಾಗಿಲು ತೆಗೆದು, ಅವರ ಒದ್ದೆ ಕೋಟನ್ನು ಇಸಿದುಕೊಂಡು ಗೂಟಕ್ಕೆ ನೇತುಹಾಕುವ ಮೆದು ಅಧಿಕಾರಿಯೇ ಆ ದ್ರೋಹಿ ಎಂದು ಕೊನೆಯ ಕಂತಿನಲ್ಲಿ ಬಯಲಾದಾಗ, ಅಲ್ಲಿಯ ಜನ ಕುರ್ಚಿಯಿಂದ ಎದ್ದು ನಿಂತುಬಿಟ್ಟರಂತೆ. ಇಲ್ಲಿ ಯಾರೂ ಏಳಲಿಲ್ಲ. ಇಲ್ಲಿ ಸ್ವೆಟರಿನವನಿಗೆ ಕನ್ನಡದ ದನಿ ಕೊಟ್ಟವನು ಇವನು. ಉಳಿದದ್ದೆಲ್ಲದರ ಬಗ್ಗೆ ನೋಡುಗರು ಕೈಕೈ ಮಿಲಾಯಿಸುವಷ್ಟು ಜಗಳವಾಡಿದ್ದರು. ಇದು ಪೊಲೀಸರ ಕಥೆಯೋ ಮೀಟಿಂಗಿನ ಕಥೆಯೋ ಎಂದು ಒಬ್ಬ. ಮೀಟಿಂಗಿನಲ್ಲೇ ಬೆವರು ಬರಿಸುತ್ತಾರಲ್ಲ, ಅದೇ ಕಲೆ ಎಂದು ಇನ್ನೊಬ್ಬ. ಕಳ್ಳನಿಗೂ ದಯವಿಟ್ಟು ಕೂತುಕೊಳ್ಳಿ ಅನ್ನುವ ಪೊಲೀಸರನ್ನು ನಂಬುವುದು ಹೇಗೆ ಎಂದು ಒಬ್ಬ ನಿವೃತ್ತ ಪೇದೆ ಉದ್ದಕ್ಕೆ ನೊಂದುಕೊಂಡಿದ್ದ. ಕೊನೆ ಚೆನ್ನಾಗಿದೆ, ಕೊನೆ ಹಾಳಾಯಿತು, ಕೊನೆ ಇರಲೇಬಾರದಿತ್ತು. ಇಷ್ಟೆಲ್ಲ ಕಚ್ಚಾಡುತ್ತಿದ್ದವರು ಇವನ ದನಿಯ ಮಾತು ಬಂದ ಕೂಡಲೇ ಒಂದೇ ತಾಯಿಯ ಮಕ್ಕಳ ಹಾಗೆ ಒಂದಾಗಿಬಿಟ್ಟಿದ್ದರು.

ಡಬ್ಬಿಂಗ್ ಡೈರೆಕ್ಟರ್ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಿಷ್ಟು: 'ಮರುಪ್ರಸಾರ ಇದೆ. ಮೊದಲ ಕಂತಿನ ನಿನ್ನ ಮಾತೆಲ್ಲ ಇನ್ನೊಂದ್ಸಲ ಹೇಳಿಸ್ಬೇಕು ಅಂತ ಚಾನೆಲ್‌ನವರು ಕೂತಿದಾರೆ. ಇವತ್ತು ಸಂಜೆಯೊಳಗೆ ಆ ದನಿ ನಿರಪರಾಧಿ ಆಗ್ಬೇಕು. ಆಗ್ಲಿಲ್ವಾ, ಬೆಣ್ಣೆ ಕೈಲಿ ಹೇಳಿಸ್ತೀನಿ. ಮುಂದಿನ ಸೀಸನ್ನೂ ಅವನದೇ.' ಮುಂದಿನ ಸೀಸನ್ನಿನಲ್ಲಿ ಸ್ವೆಟರಿನವನು ಜೈಲಿನಲ್ಲಿ ಕೂತು ಮಾತಾಡುತ್ತಲೇ ಇರುತ್ತಾನೆ. ಈ ಧಾರಾವಾಹಿಗೆ ಮೊದಲು ಇವನಿಗೆ ಸಿಗುತ್ತಿದ್ದದ್ದು ಗುಂಪಿನ ದನಿ. ಹಿಡೀರಿ, ಬಿಡಬೇಡಿ, ಅಯ್ಯೋ ಬೆಂಕಿ. ಹೆಸರಿರುವ ಮನುಷ್ಯನೊಬ್ಬನ ಗಂಟಲು ಇವನ ಪಾಲಿಗೆ ಬಂದದ್ದು ಇದೇ ಮೊದಲು. ನುಣುಪು ದನಿಗಾಗಿ ಬೆಣ್ಣೆ ಎಂದೇ ಹೆಸರಾದವನಿಗೆ ಅದನ್ನು ಬಿಟ್ಟುಕೊಡುವುದೆಂದರೆ ತಟ್ಟೆಯ ಮುಂದೆ ಕೂತವನನ್ನು ರಟ್ಟೆ ಹಿಡಿದು ಎಬ್ಬಿಸಿದ ಹಾಗೆ.

ಎದುರಿನ ಸೀಟಿನಲ್ಲಿ ಇಬ್ಬರು ಹೆಂಗಸರು ಅದೇ ಧಾರಾವಾಹಿಯ ಮಾತಾಡುತ್ತಿದ್ದರು. 'ದನಿ ಕೇಳಿದ್ರೇ ಮೈ ಜುಮ್ ಅನ್ನುತ್ತೆ ಕಣೇ, ಒಳಗೊಳಗೇ ಏನೋ ಮಾಡಿ ಬಂದಿರೋವ್ನ ಹಾಗೆ' ಎಂದು ಒಬ್ಬಳು. 'ಎಲ್ಲಿಂದ ಹುಡುಕಿ ತರ್ತಾರೋ ಅಂಥವ್ರನ್ನ' ಎಂದು ಇನ್ನೊಬ್ಬಳು. ಅದು ಅಭಿನಯ ರೀ, ಅಭಿನಯ ಎಂದು ಕೂಗಬೇಕೆನ್ನಿಸಿತು. ಅಭಿನಯವಲ್ಲ ಎಂದು ಅವನಿಗೇ ಗೊತ್ತಿದ್ದುದರಿಂದ ಗಂಟಲಿನಲ್ಲೇ ನುಂಗಿಕೊಂಡ. ನಿಲ್ದಾಣ ಬಂದಾಗ, 'ಸ್ವಲ್ಪ ದಾರಿ ಬಿಡಿ' ಎಂದ. ಕಿಟಕಿಯ ಕಡೆಯವಳು ತಲೆಯೆತ್ತಿ ಅವನ ಮುಖ ನೋಡಿ, ಯಾಕೆ ನೋಡಿದೆನೆಂದು ತನಗೇ ತಿಳಿಯದವಳ ಹಾಗೆ ನೋಟ ತಗ್ಗಿಸಿ, ಮಡಿಲಿನ ಚೀಲದ ಜಿಪ್ಪನ್ನು ಮೆಲ್ಲಗೆ ಎಳೆದುಕೊಂಡಳು.

ಶಾಲೆಯಲ್ಲೂ ಹೀಗೆಯೇ, ಎಲ್ಲರೂ ತಲೆಯೆತ್ತಿ ನೋಡಿದ್ದರು. ಶಾಲೆಯ ಗಂಟೆಯ ನಾಲಿಗೆ ಕಾಣೆಯಾಗಿತ್ತು. ಕಬ್ಬಿಣದ ಆ ಗುಂಡನ್ನು ಯಾರು ಯಾಕಾಗಿ ಕದ್ದರೋ, ಬೆಳಿಗ್ಗೆ ಜವಾನ ಹಗ್ಗ ಎಳೆದರೆ ಗಂಟೆ ಬಾಯಿ ಬಿಟ್ಟುಕೊಂಡು ತೂಗಾಡಿತೇ ಹೊರತು ಸದ್ದಿಲ್ಲ. ಅದನ್ನು ಕಂಡು ಎಲ್ಲರಿಗಿಂತ ಹೆಚ್ಚು ನಕ್ಕವನು ಇವನೇ. ಹೆಡ್‌ಮಾಸ್ಟರ್ ಸಾಲಾಗಿ ನಿಲ್ಲಿಸಿ ಕೇಳುತ್ತಾ ಬಂದರು. ನಾನಲ್ಲ ಸಾರ್, ನಾನಲ್ಲ ಸಾರ್, ಪಕ್ಕದವನೂ ನಾನಲ್ಲ ಸಾರ್. ಇವನ ಸರದಿ ಬಂತು. ಇವನು ಅದನ್ನು ಮುಟ್ಟಿಯೂ ಇರಲಿಲ್ಲ. ನಾನಲ್ಲ ಸಾರ್ ಅಂದ. ಆ ಮಾತು ಬಾಯಿಂದ ಹೊರಬಿದ್ದ ರೀತಿಗೆ ಇಡೀ ಸಾಲು ತಿರುಗಿತು. ಹೆಡ್‌ಮಾಸ್ಟರ್ ಮುಂದಿನವನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಅಮ್ಮನನ್ನು ಕರೆಸಿದರು. ಹೊಲಿಗೆಯ ದಾರದ ಎಳೆಗಳು ಸೀರೆಗೆ ಅಂಟಿಕೊಂಡ ಹಾಗೆಯೇ ಬಂದ ಅಮ್ಮ ಆ ಕೋಣೆಯಲ್ಲಿ ನಿಂತು, ಎಲ್ಲರ ಮುಂದೆ, 'ನಿಜ ಹೇಳು, ನೀನಾ?' ಎಂದು ಕೇಳಿದಳು. ಅವರು ಕೇಳಿದ್ದು ಹಾಳಾಗಲಿ, ಅಮ್ಮ ಕೇಳಿದಳು. ನಾನಲ್ಲಮ್ಮ ಎಂದು ಇನ್ನೂ ಕೆಟ್ಟದಾಗಿ ಹೇಳಿ, ಗೇಟು ದಾಟಿ ಹೋದವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಓದಿದ್ದರೆ ಏನಾಗುತ್ತಿದ್ದೆ ಎಂದು ಯಾರಾದರೂ ಕೇಳಿದರೆ, ಹೆಡ್‌ಮಾಸ್ಟರ್ ಆಗುತ್ತಿದ್ದೆ, ಆಗಿ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದೆ ಅನ್ನುತ್ತಾನೆ.

ಇವತ್ತು ಬೆಳಿಗ್ಗೆಯೂ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ದಿಂಬಿನ ಚೀಲವೊಂದನ್ನು ತಿರುವಿ ಹಾಕುತ್ತಾ ಧಾರಾವಾಹಿಯ ವಿಮರ್ಶೆ ನಡೆಸಿದ್ದಳು. 'ಆ ದೊಡ್ಡ ಅಧಿಕಾರಿ ಹೆಂಗಸು ಒಂದಿನಾನಾದ್ರೂ ಕೂತು ಊಟ ಮಾಡಿದ್ದು ನೋಡಿದ್ಯಾ? ಬರೀ ಓಡ್ತಾಳೆ. ಹೊಟ್ಟೆಗಿಲ್ದೆ ಅದ್ಯಾವ ಕಳ್ಳನ್ನ ಹಿಡೀತಾಳೆ.' ಆಮೇಲೆ ಯಂತ್ರ ನಿಲ್ಲಿಸಿ, 'ಆ ಸ್ವೆಟರಿನವ್ನಿಗೆ ಹಾಗೆ ಮಾಡ್ಬಾರ್ದಿತ್ತು ಕಣೋ. ನೀನಂತೂ ಚೆನ್ನಾಗಿ ಮಾಡಿದೀಯ. ನಿನ್ನ ಹಾಗೇ ಇತ್ತು' ಎಂದಳು. ನಿನ್ನ ಹಾಗೇ ಅಂದರೆ ಕಳ್ಳನ ಹಾಗೆ. ಹೆತ್ತವಳ ಬಾಯಲ್ಲೂ ಅದೇ. ಅವನು ಚಪ್ಪಲಿ ಮೆಟ್ಟಿ ಬಾಗಿಲನ್ನು ಅದರ ಚೌಕಟ್ಟು ಅದುರುವ ಹಾಗೆ ಎಳೆದುಕೊಂಡು ಬಂದಿದ್ದ.

ಸ್ಟುಡಿಯೋ ಎಂದರೆ ಒಂದು ಹಳೆಯ ಗೋದಾಮಿನ ಮಹಡಿ. ಗೋಡೆಗೆಲ್ಲ ಬೂದು ಸ್ಪಂಜು ಮೆತ್ತಿ, ನಡುವೆ ದಪ್ಪ ಗಾಜು ನಿಲ್ಲಿಸಿ, ಗಾಜಿನ ಈ ಕಡೆ ಮಾತಾಡುವವರು, ಆ ಕಡೆ ಕೇಳುವವರು. ಹೊರಗಿನ ಬೆಂಚಿನಲ್ಲಿ ಬೆಣ್ಣೆ ಆಗಲೇ ಬಂದು ಕೂತಿದ್ದ. ಊರಿನ ಸಾಬೂನು, ಬನಿಯನ್ನು, ಪ್ರೇಮಿಗಳು, ದೇವದೂತರು ಎಲ್ಲ ಮಾತಾಡುವುದು ಬೆಣ್ಣೆಯ ದನಿಯಲ್ಲಿ. 'ಬಾರಪ್ಪ ಕಳ್ಳ' ಎಂದು ಅವನು ಕರೆದಾಗ, ಆ ದನಿಯ ನುಣುಪಿಗೆ ಅದೂ ಒಂದು ಬಿರುದಿನ ಹಾಗೆ ಕೇಳಿಸಿತು. 'ನಾನು ಬೇಕೂಂತ ಬಂದಿಲ್ಲ ಮಾರಾಯ, ಕರೆಸಿದ್ರು. ನೀನೇ ಮುಗಿಸ್ಬಿಡು, ನಂಗೆ ಮನೆಗೆ ಹೋಗ್ಬೇಕು' ಎಂದ. ಇವನಿಗೆ ಅದು ಉಪಕಾರದ ಮಾತಿನ ಹಾಗೆ ಕೇಳಿಸಿ ಮೈ ಉರಿಯಿತು. ಗಾಜಿನಾಚೆ, ಕಿವಿ ತನ್ನ ಯಂತ್ರದ ಮುಂದೆ ಕೂತಿದ್ದಳು. ದನಿ ಹಿಡಿದು ಹದ ಮಾಡುವ ಅವಳನ್ನು ಎಲ್ಲರೂ ಕಿವಿ ಎಂದೇ ಕರೆಯುವುದು; ಯಾರ ಹೊಟ್ಟೆ ಗುರುಗುಟ್ಟಿತು, ಯಾರ ಮಂಡಿ ಲಟಕ್ ಅಂದಿತು ಎಂದು ಗಾಜಿನಾಚೆಯಿಂದಲೇ ಹೇಳಿ ಮಾನ ಕಳೆಯುವವಳು.

'ಬನ್ನಿ, ನಿಮಗಾಗಿಯೇ ಕಾಯುತ್ತಿದ್ದೆವು.' ಸ್ವೆಟರಿನವನ ಮೊದಲ ಮಾತು ಇದು. ಪರದೆಯ ಮೇಲೆ ಅವನು ಬಾಗಿಲು ತೆಗೆಯುತ್ತಾನೆ, ಒದ್ದೆ ಕೋಟಿಗೆ ಕೈ ಚಾಚುತ್ತಾನೆ. ಇವನು ಹೇಳಿದ. ಡೈರೆಕ್ಟರ್ ಕಣ್ಣು ಮುಚ್ಚಿಕೊಂಡರು. ಇನ್ನೊಂದು ಸಲ ಹೇಳಿದ. 'ಕಾಯ್ತಿದ್ರಾ, ಇಲ್ಲಾ ಹೊಂಚು ಹಾಕ್ತಿದ್ರಾ?' ಎಂದು ಡೈರೆಕ್ಟರ್ ಕೇಳಿದರು. ಮನಸ್ಸಿನಲ್ಲಿ ಒಳ್ಳೆಯದನ್ನೆಲ್ಲ ತಂದುಕೊಂಡ. ಎಳೆ ಬಿಸಿಲು, ಒಗೆದ ಬಟ್ಟೆ, ಪಕ್ಕದ ಮನೆಯ ಮಗುವಿನ ಪಾದ. ಎಷ್ಟು ಶುದ್ಧವಾಗಿ ಯೋಚಿಸಿದನೋ ದನಿ ಅಷ್ಟೇ ಮೈಲಿಗೆಯಾಗಿ ಬಂತು. 'ಇದರಲ್ಲಿ ನನ್ನ ಪಾತ್ರವೇನೂ ಇಲ್ಲ' ಎಂಬ ಮಾತನ್ನಂತೂ ಅವನು ಹೇಳಿದ ರೀತಿಗೆ ಕಿವಿ ಹೆಡ್‌ಫೋನು ಕೆಳಗಿಟ್ಟು ಬೆರಳು ನೆಟಿಗೆ ಮುರಿದುಕೊಂಡಳು. ಡೈರೆಕ್ಟರ್ ಒಳಗೇ ಬಂದು, ಹೇಳುವ ಕ್ರಮ ತೋರಿಸಿ, ತಮ್ಮ ತಗಡಿನ ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರು. ಆ ಡಬ್ಬಿಯನ್ನು ಅವರು ಯಾರಿಗೂ ಚಾಚಿದ್ದಿಲ್ಲ. 'ದನಿ ನಿಮ್ದು, ಪೆಪ್ಪರ್‌ಮಿಂಟು ನಂದು' ಎಂಬುದು ಸ್ಟುಡಿಯೋದ ಹಳೆಯ ಕಾನೂನು. 'ಒಬ್ಬ ಸತ್ಯವಂತ ಮನುಷ್ಯನ ಹಾಗೆ ಹೇಳಯ್ಯ, ಅಷ್ಟೇ. ಜೀವನದಲ್ಲಿ ಒಂದ್ಸಲಾನಾದ್ರೂ ನಿಜ ಹೇಳಿರ್ತೀಯಲ್ಲ, ಅದನ್ನ ನೆನೆಸ್ಕೋ' ಎಂದವರು ಚಹಾಕ್ಕೆಂದು ಹೊರಗೆ ಹೋದರು.

ಅವನು ನೆನೆಸಿಕೊಂಡದ್ದು ಬಾಯಿ ಬಿಟ್ಟುಕೊಂಡು ತೂಗಾಡುತ್ತಿದ್ದ ಗಂಟೆಯನ್ನು. ಬೆಣ್ಣೆ ಬಾಗಿಲಲ್ಲಿ ತಲೆ ಹಾಕಿ, 'ಗಂಟಲಿಗೆ ಬಿಸಿನೀರು ಕುಡಿ, ಆಗುತ್ತೆ' ಎಂದು ಹೇಳಿ ಹೋದ. ಆ ನಯ ತಡೆಯಲಾಗಲಿಲ್ಲ. ಸ್ಪಂಜಿನ ಗೋಡೆಗಳ ನಡುವೆ ತನ್ನ ಉಸಿರಿನ ಸದ್ದು ತನಗೇ ಬೈಗುಳದ ಹಾಗೆ ಕೇಳುತ್ತಿತ್ತು. ಎದುರಿನ ಸ್ಟ್ಯಾಂಡಿನ ಮೇಲೆ ಡೈರೆಕ್ಟರ್ ಮರೆತು ಹೋದ ಡಬ್ಬಿ. ಎಲ್ಲರೂ ಕಳ್ಳ ಕಳ್ಳ ಅಂದ ಮೇಲೆ, ಆ ಹೆಸರಿಗೆ ತಕ್ಕ ಲಾಭವನ್ನಾದರೂ ಪಡೆಯಬೇಡವೇ. ಮುಚ್ಚಳ ತೆಗೆದ, ಒಂದನ್ನು ಬಾಯಿಗೆ ಎಸೆದುಕೊಂಡ, ಮುಚ್ಚಿದ. ತಣ್ಣಗೆ ಮೂಗಿನ ಬುಡಕ್ಕೆ ಏರಿತು. ಅಷ್ಟರಲ್ಲಿ ಡೈರೆಕ್ಟರ್ ಡಬ್ಬಿಗೆಂದೇ ವಾಪಸು ಬಂದು, ತೆರೆದು ಎಣಿಸಿ ನೋಡಿ, 'ಇದರಲ್ಲಿ ಯಾರೋ ಕೈ ಹಾಕಿದಾರೆ. ನೀನಾ?' ಎಂದರು.

'ನಾನಾ? ಇಲ್ವಲ್ಲ ಸಾರ್' ಎಂದ.

ಆ ಮಾತು ಕೋಣೆಯಲ್ಲಿ ಒಂದು ಕ್ಷಣ ಬೆಳಗಿದ ಹಾಗಾಯಿತು. ಅದರಲ್ಲಿ ಎಳೆ ಬಿಸಿಲಿತ್ತು, ಒಗೆದ ಬಟ್ಟೆಯಿತ್ತು, ಮಗುವಿನ ಪಾದವೂ ಇತ್ತು. ಅವನೇ ಬೆರಗಾಗಿ, ಯಾರು ಮಾತಾಡಿದ್ದೆಂದು ಹಿಂದೆ ತಿರುಗಿ ನೋಡುವವನಿದ್ದ. ಡೈರೆಕ್ಟರ್ ಮುಖ ಸಡಿಲವಾಯಿತು. 'ಅಲ್ಲ ಬಿಡು, ಸುಮ್ನೆ ಕೇಳ್ದೆ. ಆ ಬೆಣ್ಣೆ ಇಲ್ಲೇ ಸುಳಿದಾಡ್ತಿದ್ದ' ಎಂದು ಗೊಣಗಿಕೊಂಡು ಹೊರಟರು. ಗಾಜಿನಾಚೆ ಕಿವಿ ಕುರ್ಚಿಯಲ್ಲಿ ನೆಟ್ಟಗಾಗಿದ್ದಳು. ಮೈಕು ತೆರೆದೇ ಇತ್ತು. ಅವಳು ಗುಂಡಿ ಒತ್ತಿ, ಅವನಿಗೆ ಮಾತ್ರ ಕೇಳುವ ಹಾಗೆ, 'ಹಲ್ಲಿಗೆ ತಾಗ್ತಾ ಇದೆ, ಕೆನ್ನೆಗೆ ತಳ್ಳಿಕೋ' ಎಂದಳು. 'ಏನು?' ಎಂದ. 'ಪೆಪ್ಪರ್‌ಮಿಂಟು. ನುಂಗ್ಬೇಡ ಮಾರಾಯ, ಹಾಗೇ ಇರ್ಲಿ. ಮೊದಲನೇ ಮಾತು ಹೇಳು.'

ಬನ್ನಿ, ನಿಮಗಾಗಿಯೇ ಕಾಯುತ್ತಿದ್ದೆವು. ಕದ್ದ ತಂಪನ್ನು ಕೆನ್ನೆಯಲ್ಲಿಟ್ಟುಕೊಂಡು ಅವನು ಬಾಗಿಲು ತೆಗೆದ. ಎಂಥ ಸಜ್ಜನ. ಅಂಥವನ ಕೈಗೆ ಕೋಟೇನು, ಮನೆಯ ಬೀಗದ ಕೈಯನ್ನೂ ಕೊಡಬಹುದು. ಇದರಲ್ಲಿ ನನ್ನ ಪಾತ್ರವೇನೂ ಇಲ್ಲ ಅಂದಾಗ ಕಿವಿ ಮುಷ್ಟಿಯಿಂದ ಮೇಜು ಗುದ್ದಿದಳು. ಒಂದಾದ ಮೇಲೊಂದು ಮಾತು ಹಾಗೆಯೇ ಹೊರಟಿತು, ಸಲೀಸಾಗಿ, ಬೆಣ್ಣೆಯಲ್ಲಿ ಬಿಸಿ ಚಾಕು ಇಳಿದ ಹಾಗೆ. ತನ್ನ ಗಂಟಲಿನ ರಚನೆಯೇ ತಿರುವುಮುರುವಾಗಿದೆ ಎಂಬುದು ಅವನಿಗೆ ಆಗ ಹೊಳೆಯಿತು. ತಪ್ಪಿಲ್ಲದಾಗ ನಡುಗುತ್ತದೆ, ತಪ್ಪು ಮಾಡಿದಾಗ ನೆಟ್ಟಗಾಗುತ್ತದೆ. ಹೊಳೆದದ್ದೇ ಅವನಿಗೆ ನಗು ಬಂದು, ಒಂದು ಟೇಕು ಹಾಳಾಯಿತು.

ಕೊನೆಯ ಮಾತು ಮುಗಿಸಿ ತಲೆಯೆತ್ತಿದರೆ, ಗಾಜಿನಾಚೆ, ಕಿವಿಯ ಹಿಂದೆ, ಬಾಗಿಲ ಬಳಿ ಡೈರೆಕ್ಟರೂ ಬೆಣ್ಣೆಯೂ ನಿಂತಿದ್ದರು. ಸದ್ದಿಲ್ಲ. ಡೈರೆಕ್ಟರ್ ಡಬ್ಬಿಯನ್ನು ಎತ್ತಿ ತೋರಿಸುತ್ತಿದ್ದರು, ತೋರುಬೆರಳು ಮೇಲೆ ಕೆಳಗೆ ಆಡುತ್ತಿತ್ತು. ಬೆಣ್ಣೆಯ ತುಟಿಗಳು ತೆರೆದವು, ಮುಚ್ಚಿದವು. ತುಟಿ ನೋಡಿ ಮಾತು ಕೂರಿಸುವುದೇ ಇವನ ಕಸುಬು. ನಾನಲ್ಲ ಸಾರ್. ಆ ತುಟಿಗಳಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ನಾನಲ್ಲ ಸಾರ್, ಎಂದು ಬೆಣ್ಣೆಯ ತುಟಿ ಮತ್ತೆ ಆಡಿತು, ಆದರೆ ಇವನ ತಲೆಯಲ್ಲಿ ಕೇಳಿದ್ದು ಬೆಣ್ಣೆಯ ದನಿಯಲ್ಲ, ಒಡೆದ, ಹೆದರಿದ, ಇಡೀ ಸಾಲು ತಿರುಗಿ ನೋಡಿದ ಆ ಹಳೆಯ ದನಿ. ಅಷ್ಟು ಹೊತ್ತು ಸಿಹಿಯಾಗಿದ್ದದ್ದು ಕೆನ್ನೆಯಲ್ಲಿ ಕಹಿಯಾಯಿತು. ಹಾಳಾಗಲಿ, ಬೆಣ್ಣೆಗೊಂದು ದಿನ ಬೈಗುಳ ಬಿದ್ದರೆ ಬೀಳಲಿ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿದ್ದಂತೆಯೇ ಅವನ ಕಾಲು ಬಾಗಿಲು ದಾಟಿ ಆ ಕಡೆ ಬಂದಿತ್ತು.

'ಸಾರ್, ಅದು ನಾನು. ನಾನೇ ತಿಂದಿದ್ದು' ಎಂದ.

ಮಾತು ನಡುಗಿತು, ಬಿಕ್ಕಿತು, ಮಧ್ಯದಲ್ಲಿ ಒಂದು ಸಲ ಕೀರಲಾಯಿತು. ಇಷ್ಟು ಹಸಿ ಸುಳ್ಳನ್ನು ಆ ಕೋಣೆಯ ಸ್ಪಂಜುಗಳು ಎಂದೂ ಹೀರಿರಲಿಕ್ಕಿಲ್ಲ. ಡೈರೆಕ್ಟರ್ ಅವನನ್ನು ನೋಡಿದರು. ಬೆಣ್ಣೆ ನೋಡಿದ. ಡೈರೆಕ್ಟರ್ ಕಣ್ಣಂಚು ಒದ್ದೆಯಾದ ಹಾಗಿತ್ತು.

'ಬೆಣ್ಣೇನ ಉಳಿಸೋಕೆ ನೀನ್ಯಾಕಯ್ಯ ತಲೆ ಕೊಡ್ತೀಯ' ಎಂದರು.

'ಇಲ್ಲ ಸಾರ್, ನಿಜವಾಗ್ಲೂ ನಾನೇ.'

'ಸಾಕು, ಸುಳ್ಳು ಹೇಳೋಕೆ ಬರಲ್ಲ ನಿಂಗೆ.'

ಬೆಣ್ಣೆ ಮುಂದೆ ಬಂದು ಅವನನ್ನು ತಬ್ಬಿಕೊಂಡ. 'ನಾನು ನಿನ್ನ ಪಾತ್ರ ಕಸಿಯೋಕೆ ಬಂದು ಕೂತ್ರೆ, ನೀನು ನನ್ನ ತಪ್ಪು ಹೊತ್ಕೋತೀಯಲ್ಲೋ' ಎಂದ. 'ನೀನೂ ತಿಂದಿಲ್ವಲ್ಲೋ' ಎಂದು ಇವನು ಅವನ ಹೆಗಲಿನೊಳಗೆ ಮುಖ ಹೂತುಕೊಂಡೇ ಹೇಳಿದ. 'ಅದೂ ನಿಜ ಅನ್ನು' ಎಂದು ಬೆಣ್ಣೆ ಸ್ವಲ್ಪ ಗೊಂದಲಕ್ಕೆ ಬಿದ್ದ. ಕಿವಿ ಯಂತ್ರದ ಮೇಲೆ ತಲೆಯಿಟ್ಟು ಭುಜ ಕುಣಿಸುತ್ತಾ ನಗುತ್ತಿದ್ದಳು. ಅವಳು ಬಾಯಿ ಬಿಡಲಿಲ್ಲ, ಹಿಡಿದ ದನಿಯನ್ನು ಮಾತ್ರ ಕೇಳಿಸಿದಳು. ಡೈರೆಕ್ಟರ್ ಕೊನೆಯವರೆಗೂ ಕೇಳಿ, ಆ ತಗಡಿನ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. 'ಇಟ್ಕೋ. ಮುಂದಿನ ಸೀಸನ್ನಿಗೆ ಗಂಟಲು ಬೇಕಾಗುತ್ತೆ' ಎಂದರು.

ಸಂಜೆ ಮನೆಗೆ ಬಂದಾಗ ಅಮ್ಮ ಯಂತ್ರದ ಮೇಲೆ ಬಟ್ಟೆ ಹೊದಿಸಿ, ಬಾಗಿಲ ಬಳಿಯ ಬೆಳಕಿನಲ್ಲಿ ಸೂಜಿಗಳನ್ನು ಆರಿಸಿ ಪುಟ್ಟ ಸೂಜಿದಿಂಬಿಗೆ ಚುಚ್ಚುತ್ತಿದ್ದಳು. ಅವನು ಬೆಳಿಗ್ಗೆ ಎಳೆದುಕೊಂಡು ಹೋಗಿದ್ದ ಬಾಗಿಲನ್ನು ಈಗ ಬೇಕೆಂದೇ ಮೆಲ್ಲಗೆ ಮುಚ್ಚಿದ. ಡಬ್ಬಿ ಚಾಚಿದ. 'ಇದೆಲ್ಲಿಂದ?' ಎಂದಳು.

'ಡೈರೆಕ್ಟರ್ ಕೊಟ್ರು' ಎಂದ. ಅದೇ ಹಾಳು ದನಿ. ಡಬ್ಬಿ ಕದ್ದು ಬೇಲಿ ಹಾರಿ ಬಂದವನ ಹಾಗೆ.

'ಒಳ್ಳೆಯವ್ರು' ಎಂದು ಅಮ್ಮ ಒಂದನ್ನು ಬಾಯಿಗೆ ಹಾಕಿಕೊಂಡಳು.

ಅವನು ನಿಂತೇ ಇದ್ದ. 'ನಂಬಿದ್ಯಾ?'

'ನಂಬದೇ ಏನು? ಕದ್ದಿದ್ರೆ ನೀನು ಎಷ್ಟು ಚೆನ್ನಾಗಿ ಹೇಳ್ತಿದ್ದೆ.' ಪೆಪ್ಪರ್‌ಮಿಂಟನ್ನು ಇನ್ನೊಂದು ಕೆನ್ನೆಗೆ ತಳ್ಳಿದಳು. 'ಸಕ್ಕರೆ ಡಬ್ಬಿ ಖಾಲಿ ಮಾಡಿ ಬಂದು, ತುಟಿ ಮೇಲೆ ಸಕ್ಕರೆ ಇಟ್ಕೊಂಡು, ನಾನಲ್ಲಮ್ಮ ಅಂತಿದ್ದೆ. ಏನು ದನಿ ಅದು. ಕೊಳಲಿನ ಹಾಗೆ. ಆ ಗಂಟೆ ನಾಲಿಗೆ ದಿವ್ಸ ಹೆಡ್‌ಮಾಸ್ಟರ್ ಮುಂದೆ ಅದಕ್ಕೇ ಕೇಳ್ದೆ. ನೀನು ನಡುಗಿಕೊಂಡು ನಾನಲ್ಲ ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು.'

'ಏನು ಗೊತ್ತಾಯ್ತು?'

'ನೀನಲ್ಲ ಅಂತ. ಅವ್ರಿಗೂ ಹೇಳ್ದೆ, ನಗಾಡಿದ್ರು. ನಿಂಗೆ ಹೇಳೋಣ ಅಂದ್ರೆ ನೀನು ಗೇಟು ದಾಟಿದ್ದೆ. ಆಮೇಲೆ ಆ ಮಾತೆತ್ತಿದಾಗೆಲ್ಲ ಬಾಗಿಲು ಬಡ್ಕೊಂಡು ಹೋಗ್ತೀಯ. ಬಾಗಿಲಿಗೆ ಹೇಳ್ಲಾ?'

ಅವನು ಅವಳ ಎದುರಿನ ಮಣೆಯ ಮೇಲೆ ಕೂತ. ಸಿಟ್ಟು ಎಲ್ಲಿದೆಯೆಂದು ಒಳಗೆ ತಡಕಾಡಿದ; ಕೈಗೆ ಸಿಗದೆ, ಅಂಗಡಿಯಲ್ಲಿ ಚೀಲ ಮರೆತು ಬಂದವನ ಹಾಗೆ ಕಸಿವಿಸಿಯಾಯಿತು. ಅಮ್ಮ ಮತ್ತೊಂದು ಸೂಜಿ ಚುಚ್ಚಿ, ಬೆಳಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ದೂರನ್ನು ಮುಂದುವರಿಸಿದಳು.

'ಆದ್ರೂ ಆ ಸ್ವೆಟರಿನವ್ನಿಗೆ ಹಾಗೆ ಮಾಡ್ಬಾರ್ದಿತ್ತು. ಪಾಪ, ಮೊದಲ ದಿನದಿಂದ ಅವನ ದನಿ ಕೇಳಿ, ಈ ಮನುಷ್ಯ ಮಾತ್ರ ಏನೂ ಮಾಡಿಲ್ಲ ಅಂತ ಕೂತಿದ್ದೆ. ಕೊನೇಲಿ ಅವನೇ ಅಂದ್ರಲ್ಲ, ನಿಂತುಬಿಟ್ಟೆ ಕಣೋ ಕುರ್ಚಿಯಿಂದ ಎದ್ದು. ಮಡಿಲಲ್ಲಿದ್ದ ಗುಂಡಿ ಎಲ್ಲ ಚೆಲ್ಲಿಹೋಯ್ತು. ನೋಡು, ಅಲ್ಲಿ, ಆ ಬೀರು ಕೆಳಗೆ, ಇನ್ನೂ ಸಿಕ್ಕಿಲ್ಲ.'

ಅವನು ಬಗ್ಗಿ, ಕೆನ್ನೆಯನ್ನು ನೆಲಕ್ಕೆ ಆನಿಸಿ, ಬೀರುವಿನ ಕೆಳಗೆ ಕೈ ಚಾಚಿದ.